ಟೀಮಿನ ಕರಾರೂ ಬಂದಿದೆ, ಪದವಿಗೆ ಸೀಟೂ ಸಿಕ್ಕಿದೆ: ತಮ್ಮ ಯಾವುದನ್ನು ಹಿಡಿಯಬೇಕು?

ಹೊಂಗೆನೆರಳು (ಪ್ರಶ್ನೆ)

ತಮ್ಮನ ಪರವಾಗಿ ಕೇಳುತ್ತಿದ್ದೇನೆ. ಅವನಿಗೆ 17, ಶಾಲೆಯ ಕೊನೆಯ ವರ್ಷ ಮುಗಿಯುತ್ತಿದೆ. ಆಡುವುದು ಕೌಂಟರ್-ಸ್ಟ್ರೈಕ್ 2, ಐವರೈವರ ಎರಡು ತಂಡ ಗುಂಡು ಹಾರಿಸಿ ಸೆಣಸುವ ಕಂಪ್ಯೂಟರ್ ಆಟ. ಆನ್‌ಲೈನ್ ಪಂದ್ಯಗಳ ತಾಣ ಫೇಸಿಟ್‌ನಲ್ಲಿ ಲೆವೆಲ್ 10, ಈಲೊ (ಗೆಲುವು-ಸೋಲಿನಿಂದ ಏರಿಳಿಯುವ ಅಂಕ) 2,850ರ ಆಸುಪಾಸು. ಒಂದು ಸಣ್ಣ ಟೀಮು ಎರಡು ವಾರ ಟ್ರಯಲ್ ಆಡಿಸಿ ಈಗ ಎರಡು ವರ್ಷದ ಕರಾರು ಕಳಿಸಿದೆ. ತಿಂಗಳ ಸಂಬಳ ಅಂತ ಇದೆ, ಆದರೆ ಒಬ್ಬನೇ ಮನೆ ಮಾಡಿಕೊಂಡು ಬದುಕಲು ಸಾಲದು. ಸಹಿ ಹಾಕಲು ಮೂರು ವಾರ ಗಡುವು. ಇದೇ ಹೊತ್ತಿಗೆ ಕಂಪ್ಯೂಟರ್ ಸೈನ್ಸ್ ಪದವಿಗೆ ಸೀಟೂ ಸಿಕ್ಕಿದೆ, ಅರ್ಧ ಶುಲ್ಕದ ವಿದ್ಯಾರ್ಥಿವೇತನದ ಜೊತೆಗೆ.

ಅಮ್ಮನಿಗೆ ಓದು ತಪ್ಪುವುದು ಇಷ್ಟವಿಲ್ಲ. ಅಪ್ಪ ಅವನಿಷ್ಟ ಅನ್ನುತ್ತಾರೆ. ಅವನು ಎರಡನ್ನೂ ನಿಭಾಯಿಸುತ್ತೇನೆ ಅನ್ನುತ್ತಾನೆ. "ಕನಸಿಗೆ ಅಡ್ಡ ಬರಬೇಡಿ" ಎಂಬ ಉತ್ತರವೂ "ಆಟ ಹೊಟ್ಟೆ ತುಂಬಿಸಲ್ಲ" ಎಂಬ ಉತ್ತರವೂ ಮನೆಯಲ್ಲೇ ಬೇಕಾದಷ್ಟಿವೆ. ನಮಗೆ ಬೇಕಿರುವುದು ಲೆಕ್ಕ. ಈ ಈಲೊ ನೋಡಿ ಅವನು ವೃತ್ತಿಗೆ ಸಾಲುತ್ತಾನೆ ಅಂತ ಹೇಳಬಹುದೇ? ಕರಾರಿನಲ್ಲಿ ಮೊದಲು ಎಲ್ಲಿ ಕಣ್ಣಿಡಬೇಕು? ಟೀಮು ಮತ್ತು ಪದವಿ ಎರಡೂ ಒಂದೇ ವರ್ಷದಲ್ಲಿ ನಿಜವಾಗಿ ಹಿಡಿಸುತ್ತವೆಯೇ?

---

ಡೆಮೊ_ನೋಡು

ಮೊದಲ ಪ್ರಶ್ನೆಗೆ ಉತ್ತರ: ಈಲೊ ಒಂದರಿಂದ ಹೇಳಲಾಗದು. ಫೇಸಿಟ್‌ನಲ್ಲಿ ಲೆವೆಲ್ 10 ಶುರುವಾಗುವುದು 2,001ಕ್ಕೆ, ಮೇಲೆ ಮಿತಿಯೇ ಇಲ್ಲ. 2,850 ಅಂದರೆ ಗುರಿ, ಚುರುಕು, ಮ್ಯಾಪ್ (ಆಟದ ಅಖಾಡ) ತಿಳಿವಳಿಕೆ ಚೆನ್ನಾಗಿದೆ ಎಂದರ್ಥ. ಆದರೆ ಪಗ್ ಆಟದಲ್ಲಿ, ಅಂದರೆ ಫೇಸಿಟ್ ಆಗಿಂದಾಗ್ಗೆ ಜೋಡಿಸುವ ಪಂದ್ಯದಲ್ಲಿ, ಐವರು ಅಪರಿಚಿತರು ಇನ್ನೈವರು ಅಪರಿಚಿತರ ಎದುರು ಆಡುತ್ತಾರೆ. ನಿಮ್ಮ ಅಭ್ಯಾಸಗಳನ್ನು ಮೊದಲೇ ನೋಡಿಕೊಂಡು ಬಂದವರು ಅಲ್ಲಿ ಯಾರೂ ಇರುವುದಿಲ್ಲ. ಟೀಮಿನ ಅಧಿಕೃತ ಪಂದ್ಯದಲ್ಲಿ ಎದುರಾಳಿ ನಿಮ್ಮ ಕಳೆದ ಹತ್ತು ಡೆಮೊ (ಪಂದ್ಯದ ದಾಖಲೆ) ನೋಡಿಯೇ ಕೂತಿರುತ್ತಾನೆ. ಬಾಂಬ್‌ಸೈಟ್‌ನ (ಎದುರಾಳಿ ಬಾಂಬ್ ಇಡಲು ಬರುವ ಜಾಗದ) ಯಾವ ಮೂಲೆಯಲ್ಲಿ ನಿಲ್ಲುತ್ತೀರಿ, ಹಣ ಕಡಿಮೆಯಿದ್ದಾಗ ಎಲ್ಲಿಂದ ಇಣುಕುತ್ತೀರಿ ಎಲ್ಲವೂ ಅವನ ಬಳಿ ಬರೆದಿಟ್ಟಿರುತ್ತದೆ.

ಜೊತೆಗೆ ಮ್ಯಾಪ್ ಲೆಕ್ಕ. ಸ್ಪರ್ಧೆಯ ಪಟ್ಟಿಯಲ್ಲಿ 7 ಮ್ಯಾಪ್. ಮೂರರ ಸರಣಿಯಲ್ಲಿ ಎರಡೂ ಕಡೆಯವರು ಒಂದೊಂದು ತೆಗೆಯುತ್ತಾರೆ, ಒಂದೊಂದು ಆರಿಸುತ್ತಾರೆ, ಮತ್ತೆ ಒಂದೊಂದು ತೆಗೆಯುತ್ತಾರೆ, ಉಳಿದದ್ದು ನಿರ್ಣಾಯಕ. ಟೀಮು ಒಂದು ಮ್ಯಾಪನ್ನು ಸದಾ ತೆಗೆದರೂ ಉಳಿದ ಆರರಲ್ಲಿ, ಎರಡೂ ಬದಿಯಲ್ಲಿ, ತನ್ನ ಜಾಗದ ಸ್ಮೋಕ್, ಫ್ಲ್ಯಾಶ್, ಮೊಲೊಟೊವ್ (ಹೊಗೆ, ಕಣ್ಣು ಕುಕ್ಕುವ ಬೆಳಕು, ಬೆಂಕಿ) ಎಸೆತಗಳು ಸೆಕೆಂಡಿನ ಲೆಕ್ಕದಲ್ಲಿ ಬಾಯಿಪಾಠ ಇರಬೇಕು. ಪಗ್‌ನಲ್ಲಿ ಮೂರೇ ಮ್ಯಾಪ್ ಆಡಿ 2,850 ತಲುಪುವವರು ಎಷ್ಟೋ ಮಂದಿ. ತಮ್ಮನ ಫೇಸಿಟ್ ಪುಟದಲ್ಲಿ ಮ್ಯಾಪ್‌ವಾರು ಆಟಗಳ ಸಂಖ್ಯೆ ನೋಡಿ. ಮೂರು ಮ್ಯಾಪ್‌ಗಳಲ್ಲೇ ಮುಕ್ಕಾಲು ಪಾಲು ಆಟ ಬಿದ್ದಿದ್ದರೆ ಉಳಿದ ಮೂರನ್ನು ಹೊಸದಾಗಿ ಕಲಿಯಬೇಕು ಅಂತಲೇ ಹಿಡಿಯಿರಿ.

ಅಳೆಯುವುದು ಹೀಗೆ. ಟ್ರಯಲ್ ಪಂದ್ಯ, ಲೀಗ್ ಪಂದ್ಯ ಎಲ್ಲ ಸೇರಿಸಿ ಕನಿಷ್ಠ 15 ಮ್ಯಾಪ್ ತೆಗೆದುಕೊಳ್ಳಿ. ಅದಕ್ಕಿಂತ ಕಡಿಮೆಯಾದರೆ ಅದೃಷ್ಟದ್ದೇ ಆಟ. ಎಡಿಆರ್, ಅಂದರೆ ಪ್ರತಿ ರೌಂಡಿಗೆ ಕೊಟ್ಟ ಸರಾಸರಿ ಹಾನಿ, ಪಗ್‌ನಲ್ಲಿ ಎಷ್ಟು, ಟೀಮಿನ ಪಂದ್ಯದಲ್ಲಿ ಎಷ್ಟು? ಹತ್ತರಷ್ಟು ಇಳಿಯುವುದು ಸಹಜ. ಇಪ್ಪತ್ತಕ್ಕಿಂತ ಹೆಚ್ಚು ಇಳಿದಿದ್ದರೆ ಕಾರಣ ಹುಡುಕಬೇಕು. ಎರಡನೆಯದು ಕಾಸ್ಟ್ ಶೇಕಡಾವಾರು: ಕೊಂದ, ನೆರವಾದ, ಬದುಕುಳಿದ ಅಥವಾ ಸತ್ತರೂ ಜೊತೆಗಾರ ತಕ್ಷಣ ಸೇಡು ತೀರಿಸಿದ ರೌಂಡುಗಳ ಪಾಲು. ಇದು 70ರ ಸುತ್ತ ಇದ್ದರೆ ಟೀಮಿಗೆ ಉಪಯೋಗವಾಗುತ್ತಿದ್ದಾನೆ. 65ಕ್ಕಿಂತ ಕೆಳಗಿದ್ದರೆ ಒಬ್ಬಂಟಿಯಾಗಿ, ವ್ಯರ್ಥವಾಗಿ ಸಾಯುತ್ತಿದ್ದಾನೆ. ಆ ಸಾವುಗಳನ್ನು ಒಂದೊಂದಾಗಿ ಡೆಮೊದಲ್ಲಿ ನೋಡಿ. ಮೂರು ಸೆಕೆಂಡಿನೊಳಗೆ ಜೊತೆಗಾರ ತಲುಪಬಹುದಿತ್ತೇ? ತಲುಪಲಾಗದ ಕಡೆ ಇವನೇ ಹೋಗಿದ್ದನೋ, ಟೀಮು ಕಳಿಸಿತ್ತೋ? ಮೊದಲನೆಯದು ತಿದ್ದಬಹುದಾದ ತಪ್ಪು. ಎರಡನೆಯದು ಟೀಮಿನ ತಪ್ಪು, ಅದು ಕರಾರಿನ ಪ್ರಶ್ನೆಯೂ ಹೌದು.

ಹಾಗಾಗಿ ಟೀಮಿಗೆ ಒಂದು ಪ್ರಶ್ನೆ ಕೇಳಲೇಬೇಕು: ಇವನು ಬರುತ್ತಿರುವುದು ಯಾರ ಜಾಗಕ್ಕೆ? ಪಗ್‌ನಲ್ಲಿ ಮಿಂಚುವ ಹುಡುಗನನ್ನು ಕರೆತಂದು ಬಾಂಬ್‌ಸೈಟ್ ಒಂದನ್ನು ಒಬ್ಬನೇ ಕಾಯುವ ಆಂಕರ್ ಜಾಗದಲ್ಲಿ ನಿಲ್ಲಿಸುವುದು ಸಣ್ಣ ಟೀಮುಗಳ ಹಳೆಯ ತಪ್ಪು. ಯಾರಿಗೂ ಬೇಡವಾದ ಜಾಗ ಅದು, ಅದಕ್ಕೇ ಖಾಲಿ ಇರುತ್ತದೆ. ಅಂಕಿ ಬೀಳುತ್ತದೆ, ಮೂರು ತಿಂಗಳಿಗೆ ಬೆಂಚಿಗೆ ಕೂರಿಸುತ್ತಾರೆ.

ಬೆಂಚಿಗೆ ಕೂರಿಸುವುದು ಅವರಿಗೆ ಕಷ್ಟವೂ ಅಲ್ಲ. 2025ರಿಂದ ದೊಡ್ಡ ಟೂರ್ನಿಗಳ ಆಹ್ವಾನ ಆಟ ತಯಾರಿಸಿದ ವಾಲ್ವ್ ಕಂಪನಿಯ ಶ್ರೇಯಾಂಕ ಪಟ್ಟಿಯ ಮೇಲೆ ನಿಂತಿದೆ. ಆ ಪಟ್ಟಿಯ ಅಂಕ ಉಳಿಯಲು ಐವರಲ್ಲಿ ಮೂವರು ಹಾಗೇ ಉಳಿದರೆ ಸಾಕು. ಅಂದರೆ ಪ್ರತಿ ಟೀಮಿನಲ್ಲೂ ಇಬ್ಬರನ್ನು ಬದಲಿಸಿದರೆ ಅಂಕ ಕಳೆದುಹೋಗುವುದಿಲ್ಲ. ಕೊನೆಗೆ ಬಂದ 17ರ ಹುಡುಗ ಆ ಇಬ್ಬರಲ್ಲೊಬ್ಬ.

---

ಷರತ್ತುಪಾಲಕ

ಮೇಲಿನವರ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಕರಾರಿನಲ್ಲಿ ಎಲ್ಲರೂ ಮೊದಲು ನೋಡುವುದು ಸಂಬಳ. ನೀವು ಮೊದಲು ನೋಡಬೇಕಾದದ್ದು ಬೆಂಚಿಗೆ ಹಾಕಿದ ಮೇಲೆ ಏನಾಗುತ್ತದೆ ಎಂಬುದನ್ನು.

ಸಾಮಾನ್ಯವಾಗಿ ಮೂರು ವಾಕ್ಯಗಳು ಬೇರೆಬೇರೆ ಪುಟಗಳಲ್ಲಿ ಇರುತ್ತವೆ. ಮೂರನ್ನೂ ಪಕ್ಕಪಕ್ಕ ಇಟ್ಟು ಓದಿ. ಒಂದು, ಆಡುವ ಪಟ್ಟಿಯಿಂದ ತೆಗೆದರೆ ಸಂಬಳ ಇಷ್ಟಕ್ಕೆ ಇಳಿಯುತ್ತದೆ ಎಂಬುದು. ಎರಡು, ಕರಾರಿನ ಅವಧಿಯಲ್ಲಿ ಬೇರೆ ಟೀಮಿಗೆ ಆಡುವಂತಿಲ್ಲ ಎಂಬುದು. ಮೂರು, ಬಿಡುಗಡೆಯ ಮೊತ್ತ, ಅಂದರೆ ಬೈಔಟ್. ಮೂರೂ ಸೇರಿದರೆ ಹುಡುಗ ಆಡುವಂತೆಯೂ ಇಲ್ಲ, ಹೋಗುವಂತೆಯೂ ಇಲ್ಲ, ಪೂರ್ತಿ ಸಂಬಳವೂ ಇಲ್ಲ. ಎರಡು ವರ್ಷದ ಕರಾರಿನ ಅಪಾಯ ಇರುವುದು ಇಲ್ಲೇ. ಓದನ್ನೂ ಮುಂದೂಡಿ ಕೂತಿದ್ದರೆ ಆ ಕಾಲ ಪೂರ್ತಿ ಖಾಲಿ.

ಬೈಔಟ್ ದೊಡ್ಡದಿದ್ದರೆ "ನನಗೆ ಅಷ್ಟು ಬೆಲೆ" ಅಂತ ಹುಡುಗರು ಹಿಗ್ಗುತ್ತಾರೆ. ಅದನ್ನು ತಿಂಗಳ ಸಂಬಳದಿಂದ ಭಾಗಿಸಿ ನೋಡಿ. 24 ಬಂದರೆ ಅದೇ ಮಟ್ಟದ ಇನ್ನೊಂದು ಟೀಮು ಎರಡು ವರ್ಷದ ಸಂಬಳ ಮುಂಗಡ ಕೊಟ್ಟು ಕರೆಯುವುದಿಲ್ಲ. ಹೀಗೆ ಕೇಳಿ: ಮೊದಲ ಆರು ತಿಂಗಳು 6 ತಿಂಗಳ ಸಂಬಳದಷ್ಟು, ನಂತರ 3 ತಿಂಗಳಷ್ಟು, ಸತತ 60 ದಿನ ಆಡುವ ಪಟ್ಟಿಯಿಂದ ಹೊರಗಿಟ್ಟರೆ ಸೊನ್ನೆ. ಕೊನೆಯ ಷರತ್ತಿಗೆ ಒಪ್ಪದ ಟೀಮಿನ ಉದ್ದೇಶ ಏನೆಂದು ನೀವೇ ಊಹಿಸಬಹುದು.

ಅವಧಿ: ಎರಡು ವರ್ಷ ಅಂದಾಗ "ಜೊತೆಗೆ ಒಂದು ವರ್ಷ ಮುಂದುವರಿಸುವ ಹಕ್ಕು" ಎಂದು ಕೆಳಗೆ ಇದೆಯೇ ನೋಡಿ. ಆ ಹಕ್ಕು ಟೀಮಿಗೆ ಮಾತ್ರ ಇದ್ದರೆ ಅದು ಮೂರು ವರ್ಷದ ಕರಾರು. ಹಾಗೆಯೇ ಕರಾರು ಮುರಿಯುವ ನೋಟಿಸ್ ಎರಡೂ ಕಡೆಗೆ ಸಮ ಇರಬೇಕು. ಟೀಮಿಗೆ 14 ದಿನ, ಆಟಗಾರನಿಗೆ 90 ದಿನ ಎಂದಿದ್ದರೆ ತಿದ್ದಿಸಿ.

ಬಹುಮಾನದ ಪಾಲು: ಬಹುಮಾನ 100 ಅಂತ ಇಟ್ಟುಕೊಳ್ಳಿ. ಟೀಮು 20 ತೆಗೆದರೆ ಉಳಿದದ್ದು 80. ಕೋಚಿಗೂ ಸಮಪಾಲು ಇದ್ದರೆ ಆರು ಭಾಗ, ಒಬ್ಬನಿಗೆ 13 ಚಿಲ್ಲರೆ. ಅದರ ಮೇಲೆ ತೆರಿಗೆ. ಟೂರ್ನಿ ನಡೆಸುವವರಿಂದ ಹಣ ಬರುವುದು ತಿಂಗಳುಗಟ್ಟಲೆ ತಡ. ಆದ್ದರಿಂದ "ಟೀಮಿಗೆ ಹಣ ಬಂದ 30 ದಿನದೊಳಗೆ, ಕರಾರು ಮುಗಿದಿದ್ದರೂ" ಎಂಬ ಪದಗಳು ಇರಲಿ. ಈ ಕೊನೆಯ ಎರಡು ಪದ ಇಲ್ಲದೆ ಟೀಮು ಬಿಟ್ಟವರ ಪಾಲು ಹೋದದ್ದೇ ಹೆಚ್ಚು. ಮನೆಯ ಲೆಕ್ಕದಲ್ಲಿ ಬಹುಮಾನವನ್ನು ಸೇರಿಸಲೇಬೇಡಿ.

ಇನ್ನು ಓದಿನ ಷರತ್ತು. ಇದನ್ನು ಕೇಳಿದರೆ ಟೀಮು ಬೇಸರ ಮಾಡಿಕೊಳ್ಳುತ್ತದೆ ಎಂದು ಹಿಂಜರಿಯುತ್ತಾರೆ. ಕೇಳಿ. ಒಕ್ಕಣೆ ಇಷ್ಟು ಸಾಕು: "ಆಟಗಾರ 30 ದಿನ ಮೊದಲು ತಿಳಿಸಿದ ಪರೀಕ್ಷಾ ದಿನಗಳಲ್ಲಿ ಮತ್ತು ಹಿಂದಿನ ದಿನ ಅಭ್ಯಾಸಕ್ಕೆ ಹಾಜರಾಗಬೇಕಿಲ್ಲ, ಇದಕ್ಕೆ ದಂಡ ಅಥವಾ ಸಂಬಳ ಕಡಿತ ಇಲ್ಲ, ವರ್ಷಕ್ಕೆ ಗರಿಷ್ಠ 16 ದಿನ." ಬಾಯಿಮಾತಿನ ಒಪ್ಪಿಗೆ ಕೋಚ್ ಬದಲಾದ ದಿನ ಮುಗಿಯುತ್ತದೆ.

17 ವರ್ಷ ಅಂದರೆ ಹೆಚ್ಚಿನ ಕಡೆ ಪೋಷಕರ ಸಹಿ ಬೇಕೇ ಬೇಕು. ಅದು ನಿಮಗೆ ಅಡ್ಡಿಯಲ್ಲ, ಅನುಕೂಲ. "ಅಪ್ಪ-ಅಮ್ಮ ವಕೀಲರಿಗೆ ತೋರಿಸಬೇಕಂತೆ" ಎಂದು ಹೇಳಲು ಅದಕ್ಕಿಂತ ಒಳ್ಳೆಯ ಕಾರಣ ಇಲ್ಲ. ಕಾರ್ಮಿಕ ಕರಾರುಗಳನ್ನು ನೋಡುವ ಯಾವ ವಕೀಲರಾದರೂ ಆದೀತು, ಗೇಮಿಂಗ್ ಗೊತ್ತಿರಬೇಕೆಂದಿಲ್ಲ.

---

ಹಾಳೆಲೆಕ್ಕ

ಎರಡೂ ಹಿಡಿಸುತ್ತವೆಯೇ ಎಂಬುದಕ್ಕೆ ಗಂಟೆಗಳಲ್ಲಿ ಉತ್ತರ ಕೊಡುತ್ತೇನೆ.

ವಾರಕ್ಕೆ 168 ಗಂಟೆ. 13ರಿಂದ 18ರ ವಯಸ್ಸಿಗೆ ನಿದ್ದೆ 8ರಿಂದ 10 ಗಂಟೆ ಬೇಕು ಎಂಬುದು ವೈದ್ಯರ ಶಿಫಾರಸು. ಕನಿಷ್ಠ 8 ಹಿಡಿದರೂ 56. ಊಟ, ಸ್ನಾನ, ಓಡಾಟಕ್ಕೆ ದಿನಕ್ಕೆ 3 ಅಂದರೆ 21. ಉಳಿದದ್ದು 91.

ಟೀಮಿನ ದಿನ ಹೀಗಿರುತ್ತದೆ: ಅಭ್ಯಾಸ ಪಂದ್ಯ, ಅಂದರೆ ಸ್ಕ್ರಿಮ್, ಐದು ಮ್ಯಾಪ್‌ಗೆ ಸುಮಾರು 4 ಗಂಟೆ, ಡೆಮೊ ನೋಡುವುದು, ತಂತ್ರದ ಚರ್ಚೆ ಒಂದೂವರೆ ಗಂಟೆ, ಒಬ್ಬನೇ ಮಾಡುವ ಗುರಿ ಅಭ್ಯಾಸ, ಎಸೆತಗಳು, ಪಗ್ 2 ಗಂಟೆ. ಒಟ್ಟು ಏಳೂವರೆ. ವಾರಕ್ಕೆ ಆರು ದಿನ 45. ಅಧಿಕೃತ ಪಂದ್ಯಗಳು, ಅವುಗಳ ಕಾಯುವಿಕೆ ಸೇರಿ ಇನ್ನೊಂದು 6. ಹೀಗೆ 51.

ಓದಿನ ಹೊರೆಗೆ ಯುರೋಪಿನ ಇಸಿಟಿಎಸ್ ಅಳತೆ ಒಳ್ಳೆಯದು, ಏಕೆಂದರೆ ಅದು ತರಗತಿಯನ್ನಷ್ಟೇ ಅಲ್ಲದೆ ಮನೆಯಲ್ಲಿ ಓದುವುದನ್ನೂ ಎಣಿಸುತ್ತದೆ. ಪೂರ್ಣಾವಧಿಯ ಒಂದು ವರ್ಷ 60 ಕ್ರೆಡಿಟ್, ಅಂದರೆ 1,500ರಿಂದ 1,800 ಗಂಟೆ. ಪರೀಕ್ಷೆ ಸೇರಿ 20 ವಾರದ ಸೆಮಿಸ್ಟರ್ ಅಂದುಕೊಂಡರೆ ವಾರಕ್ಕೆ 38ರಿಂದ 45.

51ಕ್ಕೆ 40 ಸೇರಿಸಿದರೆ ಸರಿಯಾಗಿ 91. ಕಾಗದದ ಮೇಲೆ ಹೊಂದುತ್ತದೆ, ತಮ್ಮ "ಎರಡೂ ಮಾಡುತ್ತೇನೆ" ಅನ್ನುವುದು ಇದನ್ನು ನೋಡಿಯೇ. ಆದರೆ ಅಲ್ಲಿ ಜ್ವರಕ್ಕೆ, ಗೆಳೆಯರಿಗೆ, ಸುಮ್ಮನೆ ಕೂರುವುದಕ್ಕೆ ಸೊನ್ನೆ ಗಂಟೆ. ಮೊದಲು ಕತ್ತರಿ ಬೀಳುವುದು ನಿದ್ದೆಗೆ. ನಿದ್ದೆ ಕೆಟ್ಟರೆ ಆಟದ ಚುರುಕೂ, ಓದಿದ್ದು ನೆನಪಿರುವುದೂ ಒಟ್ಟಿಗೇ ಕೆಡುತ್ತವೆ. ಪೂರ್ಣಾವಧಿ ಎರಡನ್ನೂ ಹಿಡಿದವರು ಸಾಮಾನ್ಯವಾಗಿ ಸೋಲುವುದು ಎರಡರಲ್ಲೂ.

ಇನ್ನೊಂದು ತೊಡಕು ಕ್ಯಾಲೆಂಡರ್. 2025ರ ಎರಡು ಮೇಜರ್‌ಗಳು, ಅಂದರೆ ಈ ಆಟದ ಅತಿ ದೊಡ್ಡ ಟೂರ್ನಿಗಳು, ನಡೆದದ್ದು ಜೂನ್‌ನಲ್ಲಿ ಆಸ್ಟಿನ್‌ನಲ್ಲಿ ಮತ್ತು ನವೆಂಬರ್-ಡಿಸೆಂಬರ್‌ನಲ್ಲಿ ಬುಡಾಪೆಸ್ಟ್‌ನಲ್ಲಿ. ಎಷ್ಟೋ ವಿಶ್ವವಿದ್ಯಾಲಯಗಳ ಸೆಮಿಸ್ಟರ್ ಪರೀಕ್ಷೆಯ ತಿಂಗಳುಗಳೂ ಅವೇ. ಸಣ್ಣ ಟೀಮು ಮೇಜರ್‌ಗೆ ಹೋಗದಿರಬಹುದು, ಆದರೆ ಅರ್ಹತಾ ಸುತ್ತುಗಳು ಅದಕ್ಕೂ ಮೊದಲಿನ ವಾರಗಳಲ್ಲಿ, ಪ್ರಾಜೆಕ್ಟ್ ಒಪ್ಪಿಸುವ ಹೊತ್ತಿಗೆ ಬೀಳುತ್ತವೆ. ಸ್ಕ್ರಿಮ್ ಸಂಜೆಯಿಂದ ರಾತ್ರಿಯವರೆಗೆ ಇರುವುದರಿಂದ ಗುಂಪಿನಲ್ಲಿ ಮಾಡುವ ಪ್ರಾಜೆಕ್ಟ್‌ಗಳಿಗೆ ಏಟು ಜಾಸ್ತಿ; ಒಬ್ಬನೇ ಓದಿ ಬರೆಯುವ ಗಣಿತದಂಥ ಪತ್ರಿಕೆಗಳಿಗೆ ಕಡಿಮೆ.

ಹಿಡಿಸುವುದು ಯಾವುದು ಅಂದರೆ: 6 ಕ್ರೆಡಿಟ್‌ನ ಒಂದು ವಿಷಯ, 150ರಿಂದ 180 ಗಂಟೆ, ವಾರಕ್ಕೆ 8-9 ಗಂಟೆ. ಎರಡು ವಿಷಯ ಮಾಡಬಹುದು, ಬಿಗಿಯಾಗುತ್ತದೆ. ಮೂರನೆಯದು ಬೇಡ.

ಸೀಟನ್ನು ಒಂದು ವರ್ಷ ಮುಂದೂಡುವುದಾದರೆ ಕಾಲೇಜಿಗೆ ಮಿಂಚಂಚೆಯಲ್ಲಿ ನಾಲ್ಕು ಕೇಳಿ, ಉತ್ತರವೂ ಬರಹದಲ್ಲೇ ಬರಲಿ: ಸೀಟು ತಾನಾಗಿ ಉಳಿಯುತ್ತದೆಯೇ, ಮತ್ತೆ ಅರ್ಜಿ ಹಾಕಬೇಕೇ? ವಿದ್ಯಾರ್ಥಿವೇತನವೂ ಮುಂದಿನ ವರ್ಷಕ್ಕೆ ಬರುತ್ತದೆಯೇ? ನಡುವೆ ಬೇರೆ ಸಂಸ್ಥೆಯಲ್ಲಿ ಒಂದು ವಿಷಯ ಓದಿದರೆ ಮುಂದೂಡಿಕೆ ರದ್ದಾಗುತ್ತದೆಯೇ? ಕೆಲವು ಕಡೆ ರದ್ದಾಗುತ್ತದೆ. ಮರಳುತ್ತೇನೆ ಎಂದು ಖಚಿತಪಡಿಸುವ ಕೊನೆಯ ದಿನ ಯಾವುದು? ಈ ಕೊನೆಯ ದಿನವನ್ನು ಮರೆತೇ ಸೀಟು ಕಳೆದುಕೊಳ್ಳುವುದು ಹೆಚ್ಚು, ಏಕೆಂದರೆ ಅದು ಸೀಸನ್ನಿನ ನಡುವೆ ಬರುತ್ತದೆ.

---

ತಿರುಗಣಿ

ಹಾಳೆಲೆಕ್ಕ ಅವರ ಗಂಟೆಗಳ ಲೆಕ್ಕಕ್ಕೆ ತಕರಾರಿಲ್ಲ. ಆದರೆ ಮುಂದೂಡುವುದನ್ನು ಅಷ್ಟು ಹಗುರವಾಗಿ ಹೇಳಬಾರದು. ಒಂದು ವರ್ಷ ಗಣಿತ ಮುಟ್ಟದಿದ್ದರೆ ಮೊದಲು ಹೋಗುವುದು ಕೈಯ ಓಟ: ಸೂತ್ರ ನೆನಪಿರುತ್ತದೆ, ಲೆಕ್ಕ ಬಿಡಿಸಲು ಮೂರು ಪಟ್ಟು ಹೊತ್ತು ಹಿಡಿಯುತ್ತದೆ. ಕಂಪ್ಯೂಟರ್ ಸೈನ್ಸ್‌ನ ಮೊದಲ ಸೆಮಿಸ್ಟರ್ ಕ್ಯಾಲ್ಕುಲಸ್, ಡಿಸ್ಕ್ರೀಟ್ ಗಣಿತದಿಂದಲೇ ಶುರುವಾಗುತ್ತದೆ, ಮರಳಿದವರು ಎಡವುವುದು ಅಲ್ಲೇ. ಮುಂದೂಡಿದರೂ ವಾರಕ್ಕೆ 4 ಗಂಟೆ ಗಣಿತ, 2 ಗಂಟೆ ಪ್ರೋಗ್ರಾಮಿಂಗ್ ತಪ್ಪಬಾರದು. ಪ್ರೋಗ್ರಾಮಿಂಗ್‌ಗೆ ಬೇರೆ ವಿಷಯ ಹುಡುಕಬೇಕಿಲ್ಲ. ಡೆಮೊ ಫೈಲ್‌ಗಳನ್ನು ಪೈಥಾನ್‌ನಲ್ಲಿ ಓದಿ ಸಾವಿನ ಜಾಗಗಳ ನಕ್ಷೆ ಮಾಡುವುದು ಮೊದಲ ವರ್ಷದವನಿಗೆ ತಕ್ಕ ಕೆಲಸ, ಟೀಮಿಗೂ ಬೇಕಾದದ್ದು. ನಾಳೆ ಆಟ ಬಿಟ್ಟು ವಿಶ್ಲೇಷಕನ ಕೆಲಸಕ್ಕೆ ಹೋಗುವುದಾದರೆ ತೋರಿಸಲು ಕೈಯಲ್ಲಿ ಏನಾದರೂ ಇರುತ್ತದೆ.

ಯಾರೂ ಎತ್ತದ ಇನ್ನೊಂದು ಮಾತು: ಆಟಕ್ಕೆ ಒಡೆಯನಿದ್ದಾನೆ. ಚೆಸ್‌ಗೆ ಒಡೆಯನಿಲ್ಲ, ಯಾರು ಬೇಕಾದರೂ ಟೂರ್ನಿ ನಡೆಸಬಹುದು. ಇಲ್ಲಿ ಕಂಪನಿ ಮನಸ್ಸು ಬದಲಿಸಿದರೆ ವೃತ್ತಿಯೇ ಬದಲಾಗುತ್ತದೆ. ಬ್ಲಿಝಾರ್ಡ್ 2018ರ ಡಿಸೆಂಬರ್‌ನಲ್ಲಿ ಹೀರೋಸ್ ಆಫ್ ದಿ ಸ್ಟಾರ್ಮ್‌ನ ವೃತ್ತಿಪರ ಲೀಗ್ ಮುಂದಿನ ವರ್ಷ ಇರುವುದಿಲ್ಲ ಎಂದು ಘೋಷಿಸಿತು. ಆಟಗಾರರಿಗೆ ಕೈಯಲ್ಲಿ ಉಳಿದದ್ದು ಕೆಲವೇ ವಾರ. 2018ರಲ್ಲಿ ಭಾರೀ ಬಂಡವಾಳದಿಂದ ಶುರುವಾದ ಓವರ್‌ವಾಚ್ ಲೀಗ್‌ನ ಕೊನೆಯ ಸೀಸನ್ 2023. ಡೋಟಾ 2ರ ದಿ ಇಂಟರ್‌ನ್ಯಾಷನಲ್ ಟೂರ್ನಿಯ ಬಹುಮಾನ 2021ರಲ್ಲಿ 4 ಕೋಟಿ ಡಾಲರ್ ದಾಟಿತ್ತು. ಆಟಗಾರರ ಖರೀದಿಯಿಂದ ಬಹುಮಾನಕ್ಕೆ ಹಣ ಸೇರುವ ವ್ಯವಸ್ಥೆಯನ್ನು ವಾಲ್ವ್ ಬದಲಿಸಿದ ಮೇಲೆ 2023ರಲ್ಲಿ ಅದು 32 ಲಕ್ಷ ಡಾಲರ್‌ನ ಆಸುಪಾಸಿಗೆ ಇಳಿಯಿತು. ಕೌಂಟರ್-ಸ್ಟ್ರೈಕ್ ಇವಕ್ಕಿಂತ ಗಟ್ಟಿ. ಹಲವು ಸಂಘಟಕರು ಟೂರ್ನಿ ನಡೆಸುತ್ತಾರೆ, ಆಟಕ್ಕೆ ಇಪ್ಪತ್ತು ವರ್ಷಕ್ಕೂ ಮೀರಿದ ಚರಿತ್ರೆ ಇದೆ. ಆದರೂ 2023ರ ಸೆಪ್ಟೆಂಬರ್‌ನಲ್ಲಿ ಹಳೆಯ ಸಿಎಸ್:ಗೋ ಹೋಗಿ ಸಿಎಸ್2 ಬಂದಾಗ ಸ್ಮೋಕ್ ಹರಡುವ ರೀತಿಯೇ ಬದಲಾಗಿ ವರ್ಷಗಳ ಅಭ್ಯಾಸವನ್ನು ಮತ್ತೆ ಕಲಿಯಬೇಕಾಯಿತು.

"ಈಗ ಬಿಟ್ಟರೆ ವಯಸ್ಸು ಮೀರುತ್ತದೆ" ಎಂಬ ಆತುರ ಅವನಿಗಿದ್ದರೆ ಒಂದು ಅಧ್ಯಯನ ತೋರಿಸಿ. 2014ರಲ್ಲಿ ಪ್ಲಾಸ್ ವನ್ ಪತ್ರಿಕೆಯಲ್ಲಿ ಬಂದದ್ದು, 16ರಿಂದ 44 ವಯಸ್ಸಿನ 3,305 ಸ್ಟಾರ್‌ಕ್ರಾಫ್ಟ್ 2 ಆಟಗಾರರ ದಾಖಲೆ ನೋಡಿದ್ದು. ಪ್ರತಿಕ್ರಿಯೆಯ ವೇಗ ಇಳಿಯತೊಡಗುವುದು 24ರ ಸುತ್ತ. ಅದೂ ಕುಸಿತವಲ್ಲ, ನಿಧಾನದ ಇಳಿಕೆ. ವಯಸ್ಸಾದವರು ಆಡುವ ರೀತಿಯನ್ನು ಸರಳ ಮಾಡಿಕೊಂಡು ಸರಿದೂಗಿಸುತ್ತಿದ್ದರು. 17ರವನಿಗೆ ಆರು ತಿಂಗಳು ಕಾಯಲು ಧಾರಾಳ ಸಮಯವಿದೆ.

ಲೀಗ್ ಆಫ್ ಲೆಜೆಂಡ್ಸ್ ಆಟದ ಕೊರಿಯಾದ ತಾರೆ ಫೇಕರ್ ಹೈಸ್ಕೂಲು ಬಿಟ್ಟು 2013ರಲ್ಲಿ ಟೀಮು ಸೇರಿ ಅದೇ ವರ್ಷ ವಿಶ್ವ ಚಾಂಪಿಯನ್ ಆದ ಎಂಬ ಉದಾಹರಣೆ ಮನೆಯಲ್ಲಿ ಬಂದೇ ಬರುತ್ತದೆ. ಅವನು ಆಗಲೇ ಕೊರಿಯಾ ಸರ್ವರ್‌ನ ತುತ್ತತುದಿಯಲ್ಲಿದ್ದ, ಕರೆದದ್ದು ಆ ದೇಶದ ಅತಿ ಗಟ್ಟಿ ಸಂಸ್ಥೆಗಳಲ್ಲೊಂದು. ನಿಮ್ಮ ಮುಂದಿರುವ ಕಾಗದಕ್ಕೂ ಅದಕ್ಕೂ ಹೋಲಿಕೆ ಇಲ್ಲ.

---

ಮಣಿಕಟ್ಟು

ಕೈ ಬಗ್ಗೆ ಚಿಕ್ಕದಾಗಿ, ಏಕೆಂದರೆ ಸಹಿ ಹಾಕುವ ಮೊದಲು ಇದನ್ನೂ ನೋಡಬೇಕು. ಲೀಗ್ ಆಫ್ ಲೆಜೆಂಡ್ಸ್‌ನ ಚೀನೀ ತಾರೆ ಊಜಿ 2020ರಲ್ಲಿ ನಿವೃತ್ತಿ ಹೇಳಿದಾಗ ವಯಸ್ಸು 23. ಕೊಟ್ಟ ಕಾರಣ ಎರಡನೇ ಬಗೆಯ ಮಧುಮೇಹ ಮತ್ತು ಕೈ ನೋವು.

ದಿನಕ್ಕೆ 5 ಗಂಟೆಯಿಂದ 8 ಗಂಟೆಗೆ ಹಾರುವ ಮೊದಲ ಎರಡು ತಿಂಗಳಲ್ಲಿ ಪೆಟ್ಟು ಬೀಳುವುದು ಜಾಸ್ತಿ. ಹೆಬ್ಬೆರಳು, ತೋರು, ನಡುಬೆರಳು ಜೋಮು ಹಿಡಿದರೆ ಮಣಿಕಟ್ಟಿನೊಳಗೆ ನರ ಒತ್ತುತ್ತಿದೆ. ಕಿರುಬೆರಳು, ಉಂಗುರಬೆರಳಾದರೆ ಮೊಣಕೈ; ಮೇಜಿನ ಅಂಚಿನ ಮೇಲೆ ಅದನ್ನು ಊರಿ ಆಡುವವರಿಗೆ ಬರುವುದು ಇದೇ. ಮೊದಲನೆಯದಕ್ಕೆ ಮೌಸ್ ಸೆನ್ಸಿಟಿವಿಟಿ ನೋಡಿ: 800 ಡಿಪಿಐ (ಮೌಸ್‌ನ ಸೂಕ್ಷ್ಮತೆಯ ಅಳತೆ), ಆಟದಲ್ಲಿ 1.0 ಇಟ್ಟರೆ ಪೂರ್ತಿ ಒಂದು ಸುತ್ತು ತಿರುಗಲು ಮೌಸ್ 52 ಸೆಂಟಿಮೀಟರ್ ಸರಿಯಬೇಕು, ಹೀಗಾಗಿ ತೋಳು ಕೆಲಸ ಮಾಡುತ್ತದೆ. 2.0 ಇಟ್ಟರೆ 26 ಸೆಂಟಿಮೀಟರ್, ಹೊರೆಯೆಲ್ಲ ಮಣಿಕಟ್ಟಿಗೆ. ಎರಡನೆಯದಕ್ಕೆ ಕುರ್ಚಿ ಎತ್ತರಿಸಿ, ಮುಂಗೈ ಪೂರ್ತಿ ಮೇಜಿನ ಮೇಲೆ ಬರಲಿ. ದಿನದ ಗಂಟೆಗಳನ್ನು ವಾರಕ್ಕೆ ಅರ್ಧ ಗಂಟೆಯಂತೆ ಏರಿಸಲಿ. ರಾತ್ರಿ ಜೋಮಿನಿಂದ ಎಚ್ಚರವಾಗುತ್ತಿದ್ದರೆ ಕಾಯದೆ ವೈದ್ಯರನ್ನು ಕಾಣಬೇಕು. ಕರಾರಿನಲ್ಲಿ ಚಿಕಿತ್ಸೆಯ ಖರ್ಚು ಯಾರದು, ಗಾಯದ ರಜೆಯಲ್ಲಿ ಸಂಬಳ ಎಷ್ಟು ಎಂದು ಒಂದು ಸಾಲು ಇರಲಿ.

---

ಹೊಂಗೆನೆರಳು (ಪ್ರಶ್ನೆ ಕೇಳಿದವರು)

ಎಲ್ಲರಿಗೂ ಧನ್ಯವಾದ. ನೀವು ಕೇಳಲು ಹೇಳಿದ್ದೆಲ್ಲ ಕೇಳಿದೆವು. ಕಾಲೇಜು ಒಂದು ವರ್ಷ ಸೀಟು ಕಾದಿಡುತ್ತದೆ, ಆದರೆ ವಿದ್ಯಾರ್ಥಿವೇತನ ಈ ವರ್ಷ ಸೇರಿದರೆ ಮಾತ್ರ. ತರಗತಿ ಶುರುವಾಗುವುದು ಇನ್ನು ನಾಲ್ಕೂವರೆ ತಿಂಗಳಿಗೆ. ಟೀಮು ಕೊಡುತ್ತಿರುವುದು ಆಂಕರ್ ಜಾಗವೇ. ಎಡಿಆರ್ ಪಗ್‌ನಲ್ಲಿ 86, ಟೀಮಿನ ಜೊತೆ 18 ಮ್ಯಾಪ್‌ಗಳಲ್ಲಿ 68, ಕಾಸ್ಟ್ 71. ಬೆಂಚಿನ 60 ದಿನದ ಷರತ್ತಿಗೆ ಟೀಮು "ಯೋಚಿಸುತ್ತೇವೆ" ಅಂದಿದೆ.

---

ಡೆಮೊ_ನೋಡು

ಅಂಕಿ ಕೆಟ್ಟದ್ದಲ್ಲ. ಎಡಿಆರ್ 18 ಇಳಿದಿದೆ, ಆದರೆ ಆಂಕರ್ ಜಾಗದವರದ್ದು ಇಳಿಯುವುದು ಸಹಜ: ಎದುರಾಳಿ ಬಾರದ ರೌಂಡುಗಳಲ್ಲಿ ಗುಂಡೇ ಹಾರಿಸಿರುವುದಿಲ್ಲ. ಅಂಥ ಜಾಗದಲ್ಲಿ ಕಾಸ್ಟ್ 71 ಇದೆ ಅಂದರೆ ಸಾಯದೆ, ಟೀಮು ಬರುವವರೆಗೆ ಹಿಡಿದು ನಿಲ್ಲಲು ಗೊತ್ತಿದೆ. ಹುಡುಗನಲ್ಲಿ ಸತ್ವ ಇದೆ. ಇನ್ನೂ ಗೊತ್ತಾಗದೇ ಇರುವುದು ಸಂಬಳದ ಟೀಮುಗಳ ಎದುರು ಏನಾಗುತ್ತದೆ ಎಂಬುದು, ಅದಕ್ಕೆ ಒಂದು ಲೀಗ್ ಸೀಸನ್ ಬೇಕು.

---

ಹಾಳೆಲೆಕ್ಕ

ವಿದ್ಯಾರ್ಥಿವೇತನ ಹೋಗುತ್ತದೆ ಅಂದರೆ ನನ್ನ ಮುಂದೂಡುವ ಸಲಹೆ ಹಿಂತೆಗೆದುಕೊಳ್ಳುತ್ತೇನೆ, ತಿರುಗಣಿ ಅವರ ಎಚ್ಚರಿಕೆಯೇ ಸರಿ. ಈ ಒಂದು ಲೆಕ್ಕ ಮಾಡಿ: ವರ್ಷದ ಶುಲ್ಕದ ಅರ್ಧವನ್ನು ಪದವಿಯ ವರ್ಷಗಳಿಂದ ಗುಣಿಸಿ. ಅದು ಸಹಿ ಹಾಕಿದ ದಿನ ಕೈಬಿಡುವ ಹಣ. ಪಕ್ಕದಲ್ಲಿ ಟೀಮಿನ 12 ತಿಂಗಳ ಸಂಬಳ ಬರೆಯಿರಿ. ಮೊದಲನೆಯದು ದೊಡ್ಡದಿದ್ದರೆ ತಮ್ಮ ಆಡಲು ಸಂಬಳ ಪಡೆಯುತ್ತಿಲ್ಲ, ಆಡಲು ಹಣ ಕಟ್ಟುತ್ತಿದ್ದಾನೆ. ಈ ಎರಡು ಅಂಕಿಗಳನ್ನು ಅವನ ಕೈಯಲ್ಲೇ ಬರೆಸಿ.

ಶಾಲೆ ಮುಗಿದ ಮೇಲೆ ಸಿಗುವ ಆ ನಾಲ್ಕೂವರೆ ತಿಂಗಳು ಮಾತ್ರ ಪೂರ್ತಿ ಅವನದು. ಅದಕ್ಕೆ ಬೇರೆ ಬೆಲೆ ಕಟ್ಟಬೇಕಿಲ್ಲ.

---

ಷರತ್ತುಪಾಲಕ

ಹಾಗಿದ್ದರೆ ಟೀಮಿಗೆ ಹೀಗೆ ಬರೆಯಿರಿ: ಎರಡು ವರ್ಷದ ಬದಲು ನಾಲ್ಕು ತಿಂಗಳ ಕರಾರು, ಒಂದು ಸೀಸನ್ನಿಗೆ, ಬೈಔಟ್ ಇಲ್ಲ, ಮುಂದುವರಿಸಲು ಇಬ್ಬರ ಸಹಿಯೂ ಬೇಕು, ತರಗತಿ ಶುರುವಾಗುವ ಎರಡು ವಾರ ಮೊದಲು ಮುಗಿಯಬೇಕು. ಸಂಬಳ ಸ್ವಲ್ಪ ತಗ್ಗಿಸಲು ಸಿದ್ಧ ಎಂದೂ ಸೇರಿಸಿ, ಮಾತು ಸುಲಭವಾಗುತ್ತದೆ. ಕಾಲೇಜಿನ ಸೇರ್ಪಡೆ ಶುಲ್ಕವನ್ನು ಈ ಮಾತುಕತೆಗೆ ಕಾಯದೆ ಗಡುವಿನೊಳಗೆ ಕಟ್ಟಿಬಿಡಿ.

ಸೀಸನ್ ಮುಗಿಯುವ ದಿನ ಏನು ನೋಡಬೇಕು ಎಂಬುದನ್ನು ಈಗಲೇ ಒಂದು ಹಾಳೆಯಲ್ಲಿ ಬರೆದು ಅಪ್ಪ, ಅಮ್ಮ, ತಮ್ಮ ಮೂವರೂ ಸಹಿ ಮಾಡಲಿ: ಸಂಬಳ ನಾಲ್ಕೂ ತಿಂಗಳು ಹೇಳಿದ ದಿನ ಬಂತೇ, ತನಗಿಂತ ಮೇಲಿನ ಶ್ರೇಯಾಂಕದ ಟೀಮುಗಳ ಎದುರು ಹತ್ತರಲ್ಲಿ ನಾಲ್ಕು ಮ್ಯಾಪ್ ಗೆದ್ದರೇ, ಬೇರೆ ಟೀಮು ಯಾವುದಾದರೂ ವಿಚಾರಿಸಿತೇ. ಮೂರಕ್ಕೂ ಹೌದು ಬಂದರೆ ಆಗ ಮೊದಲ ಸೆಮಿಸ್ಟರ್ ಓದುತ್ತಲೇ ಹೊಸ ಕರಾರಿನ ಮಾತು. ಆ ಹೊತ್ತಿಗೆ ಮೇಲೆ ಹೇಳಿದ ಪರೀಕ್ಷೆಯ ಷರತ್ತು ಬೇಕಾಗುತ್ತದೆ, ಕಳೆದುಹಾಕಬೇಡಿ.

---

ಡೆಮೊ_ನೋಡು

ಇದಕ್ಕೊಂದು ಸೇರಿಸುತ್ತೇನೆ. ಫೇಸಿಟ್‌ನಲ್ಲಿ ಡೆಮೊಗಳು ಶಾಶ್ವತವಾಗಿ ಉಳಿಯುವುದಿಲ್ಲ. ಆ 18 ಮ್ಯಾಪ್‌ಗಳ ಡೆಮೊಗಳನ್ನು ಇವತ್ತೇ ಇಳಿಸಿಕೊಂಡು ದಿನಾಂಕ, ಎದುರಾಳಿ ಟೀಮು, ಮ್ಯಾಪ್ ಹೆಸರು ಹಾಕಿ ಬೇರೆ ಡಿಸ್ಕ್‌ನಲ್ಲಿ ಇಡಲಿ. ಸ್ಕ್ರಿಮ್‌ಗಳಿಗೆ ಸರ್ವರ್ ನಡೆಸುವವರ ಬಳಿ ಕೇಳಬೇಕಾಗುತ್ತದೆ. ಮುಂದೆ ಬೇರೆ ಟೀಮು ವಿಚಾರಿಸಿದಾಗ ಕೇಳುವುದು ಈಲೊ ಅಲ್ಲ, ಇವೇ ಫೈಲ್‌ಗಳು.